ಸ್ಟೀಲ್‌ಗೆ ತುಕ್ಕು ಹಿಡಿದಾಗ: ತುಕ್ಕಿನ ಜಾಗ ನೋಡಿ ಕಾರಣ ಹಿಡಿಯುವ ಬಗೆ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಆಲ್ದೂರು ಬಳಿಯ ಒಂದು ಕಾಫಿ ತೋಟದಿಂದ ಕರೆ ಬಂತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಗೆ ಹೊಸದಾಗಿ ಕೂರಿಸಿದ್ದ ಸ್ಟೀಲ್ ತೊಟ್ಟಿಯ ಮೈತುಂಬ ಕಂದು ಚುಕ್ಕೆ ಎದ್ದಿತ್ತು. ಬಿಲ್ಲಿನಲ್ಲಿ 304 ಎಂಬ ಸ್ಟೀಲ್ ಗ್ರೇಡ್ ಬರೆದಿದ್ದಾರೆ, ಕೊಟ್ಟಿರುವುದು ಬೇರೆ ಮಾಲು, ತೊಟ್ಟಿಯನ್ನು ವಾಪಸ್ ಕಳಿಸಬೇಕೆಂದಿದ್ದೇನೆ, ಅದಕ್ಕೆ ಮೊದಲು ನೀವೊಮ್ಮೆ ಬಂದು ನೋಡಿ ಎಂದರು ತೋಟದ ಮಾಲೀಕರು.

ಹೋಗಿ ನೋಡಿದೆ. ಚುಕ್ಕೆಗಳು ತೊಟ್ಟಿಯ ಒಂದು ತುದಿಯಲ್ಲಿ ಒತ್ತಾಗಿದ್ದು, ಇನ್ನೊಂದು ತುದಿಗೆ ಹೋಗುತ್ತ ವಿರಳವಾಗಿದ್ದವು. ತಗಡೇ ಕೆಟ್ಟದಾಗಿದ್ದರೆ ತುಕ್ಕು ಹೀಗೆ ಒಂದು ಕಡೆಗೆ ವಾಲುವುದಿಲ್ಲ. ತಲೆ ಎತ್ತಿದರೆ, ಒತ್ತಾದ ತುದಿಯ ನೇರ ಮೇಲೆ ಚಾವಣಿಯ ಕಬ್ಬಿಣದ ತೊಲೆಗೆ ಹೊಸ ತುಂಡು ಸೇರಿಸಿ ಬೆಸೆದಿದ್ದರು. ಇದನ್ನು ಯಾವಾಗ ಮಾಡಿಸಿದಿರಿ ಎಂದು ತೋಟದ ಲೆಕ್ಕ ಬರೆಯುವ ರೈಟರನ್ನು ಕೇಳಿದೆ. "ತೊಟ್ಟಿ ಬಂದ ಮೇಲೆ ಸರ್. ಗ್ರೈಂಡರ್ ಹಿಡಿದು ಎರಡು ದಿನ ಕೆಲಸ ಮಾಡಿದರು," ಎಂದರು. ಆ ಎರಡು ದಿನ ಉದುರಿದ ಕಬ್ಬಿಣದ ಕಿಡಿಗಳು ಸ್ಟೀಲಿನ ಮೈಗೆ ಅಂಟಿಕೊಂಡು ಮಳೆಗಾಲದ ತೇವಕ್ಕೆ ತುಕ್ಕಾಗಿದ್ದವು. ತೊಟ್ಟಿ ಚೆನ್ನಾಗಿಯೇ ಇತ್ತು.

ಚಿಕ್ಕಮಗಳೂರಿನ ನನ್ನ ವರ್ಕ್‌ಶಾಪಿಗೆ ಬರುವ ದೂರುಗಳಲ್ಲಿ ಹೆಚ್ಚಿನವು ಹೀಗೆಯೇ. ಎಲ್ಲರ ಅನುಮಾನವೂ ಮೊದಲು ಗ್ರೇಡಿನ ಮೇಲೆ ಹೋಗುತ್ತದೆ. ಗ್ರೇಡಿನಲ್ಲಿ ಮೋಸ ಆಗುವುದಿಲ್ಲ ಎಂದು ನಾನು ಹೇಳುವುದಿಲ್ಲ. ಆಗುತ್ತದೆ, ಅದನ್ನು ಹಿಡಿಯುವ ಬಗೆಯನ್ನೂ ಮುಂದೆ ಬರೆದಿದ್ದೇನೆ. ಆದರೆ ತುಕ್ಕು ಎಲ್ಲಿ ಎದ್ದಿದೆ, ಯಾವ ಆಕಾರದಲ್ಲಿದೆ ಎಂದು ಐದು ನಿಮಿಷ ಕುಳಿತು ನೋಡದೆ ಗ್ರೇಡಿನ ಮಾತು ಎತ್ತಬಾರದು.

ಮೊದಲು ಸ್ಟೀಲ್ ತುಕ್ಕು ಹಿಡಿಯದಿರುವುದು ಏಕೆ ಎಂಬುದು ಗೊತ್ತಿರಬೇಕು. ಕಬ್ಬಿಣದಲ್ಲಿ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಬೆರೆತಿದ್ದರೆ, ಅದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಮೇಲ್ಮೈಯಲ್ಲಿ ಒಂದು ಪದರ ಕಟ್ಟುತ್ತದೆ. ಅದರ ದಪ್ಪ ಒಂದು ಮಿಲಿಮೀಟರ್‌ನ ಹತ್ತು ಲಕ್ಷ ಭಾಗಗಳಲ್ಲಿ ಕೆಲವೇ ಭಾಗ. ಗೀರು ಬಿದ್ದರೆ ತಾನೇ ಮತ್ತೆ ಕೂಡಿಕೊಳ್ಳುತ್ತದೆ, ಆದರೆ ಅದಕ್ಕೆ ಗಾಳಿ ಸಿಗಬೇಕು, ಮೈ ಸ್ವಚ್ಛವಾಗಿರಬೇಕು. ಕೆಸರು ಕಟ್ಟಿದ ಕಡೆ, ವಾಷರಿನ ಅಡಿ, ಕಿತ್ತು ಹಾಕದೆ ಬಿಟ್ಟ ಪ್ಲಾಸ್ಟಿಕ್ ಹಾಳೆಯ ಅಡಿ ಆಮ್ಲಜನಕ ಹೋಗದು; ಪದರ ಅಲ್ಲಿ ಸೋಲುತ್ತದೆ. ಇನ್ನೊಂದು ಶತ್ರು ಕ್ಲೋರೈಡ್: ಉಪ್ಪು, ಬ್ಲೀಚಿಂಗ್ ಪೌಡರ್, ಟೈಲ್ಸ್ ತೊಳೆಯುವ ಆಸಿಡ್. ಅದು ಪದರವನ್ನು ಸೂಜಿಮೊನೆಯಷ್ಟು ಜಾಗದಲ್ಲಿ ಒಡೆದು ಒಳಗೆ ಗುಳಿ ತೋಡುತ್ತದೆ.

ಇದು ಸ್ಟೀಲಿನದೇ ತುಕ್ಕೇ?

ಕಂದು ಬಣ್ಣವೆಲ್ಲ ತುಕ್ಕಲ್ಲ. ಕೊಳವೆ ಬಾವಿಯ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಅದು ಸಿಂಕು, ಡ್ರಮ್ಮುಗಳ ಮೇಲೆ ಕಂದಾಗಿ ಕೂರುತ್ತದೆ. ಬಚ್ಚಲಿನ ಬಿಳಿ ಪ್ಲಾಸ್ಟಿಕ್ ಬಕೆಟ್ಟನ್ನು ನೋಡಿ. ಅದರ ಒಳಗೂ ಅದೇ ಬಣ್ಣ ಕಟ್ಟಿದ್ದರೆ ಅದು ನೀರು ತಂದದ್ದು; ಪ್ಲಾಸ್ಟಿಕ್ಕಿಗೆ ತುಕ್ಕು ಹಿಡಿಯುವುದಿಲ್ಲವಲ್ಲ. ನಿಂಬೆಹಣ್ಣಿನ ಹೋಳಿನಿಂದ ಉಜ್ಜಿ ತೊಳೆದ ಮೇಲೆ ಅಡಿಯ ಸ್ಟೀಲ್ ನುಣುಪಾಗಿ ಹೊಳೆದರೆ ಚಿಂತೆಯಿಲ್ಲ. ಉಗುರು ಅಥವಾ ಸೂಜಿಮೊನೆ ಆಡಿಸಿದಾಗ ಎಲ್ಲಾದರೂ ತಗ್ಗಿಗೆ ಸಿಕ್ಕಿಬಿದ್ದರೆ, ಅಲ್ಲಿ ಗುಳಿ ಶುರುವಾಗಿದೆ.

ಪಾತ್ರೆಯ ತಳದಲ್ಲಿ ಕಾಣುವ ಬಿಳಿ ಅಥವಾ ಕಾಮನಬಿಲ್ಲಿನ ಬಣ್ಣದ ಕಲೆಗಳೂ ತುಕ್ಕಲ್ಲ. ಒಂದು ನೀರಿನ ಸುಣ್ಣ, ಇನ್ನೊಂದು ಬೆಂಕಿಯ ಕಾವಿಗೆ ಪದರ ದಪ್ಪವಾದದ್ದು. ಎರಡಕ್ಕೂ ಹುಳಿ ಸಾಕು.

ಚುಕ್ಕೆ ಚುಕ್ಕೆಯಾಗಿ ಚೆಲ್ಲಿದಂತಿದ್ದರೆ

ಆಲ್ದೂರಿನ ತೊಟ್ಟಿಯ ಬಗೆ ಇದು. ಹತ್ತಿರದಲ್ಲಿ ಕಬ್ಬಿಣ ಕೊಯ್ದಿರಬಹುದು, ಕಬ್ಬಿಣಕ್ಕೆ ಬಳಸಿದ ಗ್ರೈಂಡರ್ ಚಕ್ರವನ್ನೇ ಸ್ಟೀಲಿಗೂ ಹಿಡಿದಿರಬಹುದು. ಒಂದೇ ದಿಕ್ಕಿಗೆ ಗೆರೆಗೆರೆಯಾಗಿ ತುಕ್ಕು ಎದ್ದಿದ್ದರೆ ಕಬ್ಬಿಣದ ತಂತಿಯ ಬ್ರಷ್ಷಿನಿಂದ ಉಜ್ಜಿದ್ದಾರೆ ಎಂದು ತಿಳಿಯಬಹುದು. ಈ ತಪ್ಪನ್ನು ನಾನೂ ಮಾಡಿದ್ದೇನೆ. ಕೆಲಸ ಕಲಿತ ಹೊಸದರಲ್ಲಿ ಒಂದು ಗೇಟಿಗೆ ಬಳಸಿದ ಬ್ರಷ್ಷನ್ನೇ ಹಾಲಿನ ಕ್ಯಾನಿನ ಬೆಸುಗೆಗೆ ಹಿಡಿದು, ವಾರದೊಳಗೆ ಆ ಕ್ಯಾನು ವಾಪಸ್ ಬಂದಿತ್ತು. ಅಂದಿನಿಂದ ನನ್ನಲ್ಲಿ ಸ್ಟೀಲ್ ಕೆಲಸದ ಬ್ರಷ್ಷು, ಚಕ್ರಗಳು ಬೇರೆ ಪೆಟ್ಟಿಗೆಯಲ್ಲಿರುತ್ತವೆ.

ಅಂಟಿದ ಕಬ್ಬಿಣವನ್ನು ಕಂಡುಹಿಡಿಯುವ ಸಾಮಗ್ರಿ ತೋಟದ ಸ್ಟೋರಿನಲ್ಲೇ ಇದೆ: ಮೈಲುತುತ್ತ (ತಾಮ್ರದ ಸಲ್ಫೇಟ್). ಗಿಡಗಳಿಗೆ ಸಿಂಪಡಿಸಲು ಮೈಲುತುತ್ತ, ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಮಾಡುವವರಿಗೆ ಈ ಪರೀಕ್ಷೆ ಹಳೆಯ ಪರಿಚಯ. ಸುಣ್ಣ ಸಾಲದಿದ್ದರೆ ದ್ರಾವಣದಲ್ಲಿ ಅದ್ದಿದ ಕಬ್ಬಿಣದ ಚಾಕುವಿನ ಮೇಲೆ ಕೆಂಪು ತಾಮ್ರ ಕೂರುತ್ತದೆ. ಸ್ಟೀಲಿನ ಮೇಲೆ ಬಿಡಿ ಕಬ್ಬಿಣವಿದ್ದರೂ ಅದೇ ಆಗುತ್ತದೆ. 250 ಮಿಲಿಲೀಟರ್ ನೀರಿಗೆ 4 ಗ್ರಾಂ ಮೈಲುತುತ್ತ, 1 ಮಿಲಿಲೀಟರ್ ಗಂಧಕಾಮ್ಲ ಸೇರಿಸಿ, ಜಿಡ್ಡು ತೆಗೆದ ಜಾಗಕ್ಕೆ ಹಚ್ಚಿ ಆರು ನಿಮಿಷ ಒದ್ದೆಯಾಗಿ ಇಡಬೇಕು. ಆಮ್ಲವನ್ನು ನೀರಿಗೆ ಹನಿಸಬೇಕು, ನೀರನ್ನು ಆಮ್ಲಕ್ಕೆ ಎಂದೂ ಸುರಿಯಬಾರದು. ತಾಮ್ರದ ಬಣ್ಣದ ಚುಕ್ಕೆ ಮೂಡಿದ ಕಡೆ ಕಬ್ಬಿಣವಿದೆ. ಆಹಾರ, ಕುಡಿಯುವ ನೀರು ತಾಗುವ ಮೈಮೇಲೆ ಈ ಪರೀಕ್ಷೆ ಬೇಡ, ಹೊರಮೈಯಲ್ಲಿ ಮಾಡಿ. ಕ್ರೋಮಿಯಂ ಶೇ. 16ಕ್ಕಿಂತ ಕಡಿಮೆಯಿರುವ ಚಾಕು, ಕತ್ತರಿಗಳ ಸ್ಟೀಲಿನ ಮೇಲೂ ಬೇಡ. ಕಬ್ಬಿಣದ ಪುಡಿ ಇಲ್ಲದಿದ್ದರೂ ಅಲ್ಲಿ ತಾಮ್ರ ಕೂರಬಹುದು. ಒಳಮೈಗೆ ಇನ್ನೂ ಸುಲಭದ ದಾರಿಯಿದೆ. ಶುದ್ಧ ನೀರು ಚಿಮುಕಿಸುವುದು, ಒಣಗಲು ಬಿಡುವುದು, ಮತ್ತೆ ಚಿಮುಕಿಸುವುದು. ಹೀಗೆ ಒಂದು ದಿನ ಮಾಡಿದರೆ ಕಬ್ಬಿಣ ತಾನೇ ಕಂದಾಗಿ ಎದ್ದು ಕಾಣುತ್ತದೆ.

ಪರಿಹಾರಕ್ಕೆ ಅಂಗಡಿಯ ಸಿಟ್ರಿಕ್ ಆಮ್ಲವೇ ಸಾಕು. ಒಂದು ಲೀಟರ್ ಬೆಚ್ಚಗಿನ ನೀರಿಗೆ 100 ಗ್ರಾಂನಂತೆ ಕರಗಿಸಿ, ಬಟ್ಟೆಯಲ್ಲಿ ಅದ್ದಿ ಮೈಗೆ ಹೊದಿಸಿ, ಅರ್ಧ ಗಂಟೆ ಒಣಗದಂತೆ ನೋಡಿಕೊಂಡು, ಧಾರಾಳವಾಗಿ ನೀರು ಹಾಕಿ ತೊಳೆಯಬೇಕು. ಅದು ಬಿಡಿ ಕಬ್ಬಿಣವನ್ನು ಕರಗಿಸುತ್ತದೆ, ಸ್ಟೀಲನ್ನು ಮುಟ್ಟುವುದಿಲ್ಲ. ಆಲ್ದೂರಿನ ತೊಟ್ಟಿಗೆ ಎರಡು ಸಲ ಹಾಗೆ ಮಾಡಿದೆವು. ಆ ಹಂಗಾಮಿನ ಅರೇಬಿಕಾ ಹಣ್ಣು ಅದೇ ತೊಟ್ಟಿಯಲ್ಲಿ ಇಳಿಯಿತು. ಇದನ್ನು ಮಾಡದೆ ಬಿಟ್ಟಿದ್ದರೆ ಕಬ್ಬಿಣದ ಕಣದ ಅಡಿಯಲ್ಲಿ ಗಾಳಿ ಸಿಗದೆ ಕೊನೆಗೆ ಸ್ಟೀಲಿಗೂ ಗುಳಿ ಬೀಳುತ್ತಿತ್ತು.

ಬೆಸುಗೆಯ ಬದಿಯಲ್ಲಿ ಮಾತ್ರ ಇದ್ದರೆ

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಬೆಸುಗೆಯ ಅಕ್ಕಪಕ್ಕ ಹುಲ್ಲಿನ ಹಳದಿ, ಕಂದು, ನೀಲಿ ಬಣ್ಣಗಳು ಹಾಗೆಯೇ ಉಳಿದಿದ್ದು ತುಕ್ಕು ಆ ಬಣ್ಣದ ಮೇಲೆಯೇ ಎದ್ದಿದ್ದರೆ, ಕೆಲಸಗಾರರು ಬೆಸುಗೆಯನ್ನು ತೊಳೆಯದೆ ಬಿಟ್ಟಿದ್ದಾರೆ. ಆ ಬಣ್ಣದ ಅಡಿಯಲ್ಲಿ ಕ್ರೋಮಿಯಂ ಕಡಿಮೆಯಾದ ತೆಳುವಾದ ಪದರವಿರುತ್ತದೆ. ಅದನ್ನು ತೆಗೆದರೆ ಸ್ಟೀಲ್ ಮೊದಲಿನಂತಾಗುತ್ತದೆ.

ಬಣ್ಣ ಇಲ್ಲದೆಯೂ ಬೆಸುಗೆಯಿಂದ ಕೆಲವು ಮಿಲಿಮೀಟರ್ ದೂರದಲ್ಲಿ, ಅದಕ್ಕೆ ಸಮಾನಾಂತರವಾಗಿ ಎರಡೂ ಬದಿಗೆ ಪಟ್ಟಿಯಂತೆ ತುಕ್ಕು ಕೊರೆದಿದ್ದರೆ ಕಾಯಿಲೆ ಒಳಗಿನದು. ಸುಮಾರು 425ರಿಂದ 850 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸ್ಟೀಲ್ ಹೆಚ್ಚು ಹೊತ್ತು ಇದ್ದರೆ ಅದರೊಳಗಿನ ಇಂಗಾಲ ಕ್ರೋಮಿಯಮ್ಮನ್ನು ಹಿಡಿದುಕೊಂಡು ಲೋಹದ ಕಣಗಳ ಅಂಚಿನಲ್ಲಿ ಕೂರುತ್ತದೆ. ಅಂಚಿನ ಸುತ್ತ ಪದರ ಕಟ್ಟಲು ಕ್ರೋಮಿಯಂ ಉಳಿಯುವುದಿಲ್ಲ. ಇದನ್ನು ತೊಳೆದು ಸರಿಮಾಡಲಾಗದು. 304ರ ದಪ್ಪ ತಗಡನ್ನು ಬೆಸೆದಾಗ ಇದರ ಅಪಾಯ ಹೆಚ್ಚು. ಇಂಗಾಲ ಶೇ. 0.03ಕ್ಕೆ ಮೀರದ 304ಎಲ್ ಬಳಸುವುದು ಅದಕ್ಕಾಗಿಯೇ. ಸಾಮಾನ್ಯ 304ರಲ್ಲಿ ಇಂಗಾಲ ಶೇ. 0.08ರವರೆಗೂ ಇರಬಹುದು.

ಬೆಸುಗೆಯ ಬಣ್ಣ ತೆಗೆಯಲು ಸಿಗುವ ಪಿಕ್ಲಿಂಗ್ ಪೇಸ್ಟ್ ಬಗ್ಗೆ ಕೈಮುಗಿದು ಒಂದು ಮಾತು. ಅದರಲ್ಲಿ ನೈಟ್ರಿಕ್ ಆಮ್ಲದ ಜೊತೆ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ. ಅದು ಚರ್ಮಕ್ಕೆ ತಾಗಿದಾಗ ಕೆಲವೊಮ್ಮೆ ತಕ್ಷಣ ಉರಿಯೇ ಗೊತ್ತಾಗುವುದಿಲ್ಲ. ಒಳಗಿಳಿದು ಮೂಳೆಯವರೆಗೂ ಹೋಗುತ್ತದೆ. ಬರಿಗೈಯಲ್ಲಿ ಹಚ್ಚುವ ಹುಡುಗರನ್ನು ಕಂಡಿದ್ದೇನೆ, ಹೊಟ್ಟೆ ತೊಳಸಿದಂತಾಗುತ್ತದೆ. ಆಮ್ಲ ತಡೆಯುವ ಗ್ಲೌಸು, ಮುಖಕವಚ ಇರಲೇಬೇಕು. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆಟಕುವಂತಿರಬೇಕು. ತಾಗಿದರೆ ತೊಳೆದು, ಜೆಲ್ ಹಚ್ಚಿ, ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಬೇಕು. ತೊಳೆದ ನೀರನ್ನು ಸುಣ್ಣ ಬೆರೆಸಿ ತಟಸ್ಥಗೊಳಿಸಿ. ತೋಟದ ಹಳ್ಳಕ್ಕೆ ಬಿಡಬೇಡಿ.

ನೀರಿನ ಟ್ಯಾಂಕ್: ಮುಚ್ಚಳದಲ್ಲೋ, ತಳದಲ್ಲೋ?

ಆಲ್ದೂರಿನ ಅದೇ ತೋಟದ ಮನೆಯಲ್ಲಿ ಕುಡಿಯುವ ನೀರಿನ ಟ್ಯಾಂಕನ್ನೂ ತೋರಿಸಿದರು. ನೀರು ನಿಲ್ಲುವ ಮಟ್ಟಕ್ಕಿಂತ ಮೇಲೆ, ಮುಚ್ಚಳದ ಒಳಮೈಯಲ್ಲಿ ತುಕ್ಕು. ತಳದಲ್ಲಿ ಅಲ್ಲಲ್ಲಿ ಸೂಜಿಗುಳಿ. ನಡುವಿನ ಗೋಡೆ ಹೊಳೆಯುತ್ತಿತ್ತು. ಮುಚ್ಚಳದ ತುಕ್ಕು ನೀರಿನಿಂದ ಮೇಲೆದ್ದ ಕ್ಲೋರಿನ್ ಆವಿಯದು. ತಳದ ಗುಳಿಗಳು ಬ್ಲೀಚಿಂಗ್ ಪೌಡರನ್ನು ಹಾಗೆಯೇ ಮುಷ್ಟಿಗಟ್ಟಲೆ ಎರಚಿದ್ದರಿಂದ, ಕರಗದ ಕಾಳುಗಳು ಕೂತ ಜಾಗಗಳು. ಪೌಡರನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಿ, ತಿಳಿಯಾಗಲು ಬಿಟ್ಟು, ಮೇಲಿನ ತಿಳಿನೀರನ್ನು ಮಾತ್ರ ಅಳತೆಯಂತೆ ಹಾಕಬೇಕು. ಆವಿ ಹೊರಹೋಗಲು ಮುಚ್ಚಳದ ಬಳಿ ಬಲೆ ಕಟ್ಟಿದ ಕಿಂಡಿಯೂ ಇರಲಿ.

ಗೃಹಪ್ರವೇಶಕ್ಕೆ ಮೊದಲು ಟೈಲ್ಸನ್ನು ಆಸಿಡ್‌ನಿಂದ ತೊಳೆದ ಮನೆಗಳಲ್ಲಿ ಸಿಂಕು, ಹಿಡಿ, ನಲ್ಲಿಗಳೆಲ್ಲ ಒಂದೇ ರಾತ್ರಿಯಲ್ಲಿ ಕಂದಾಗುವುದೂ ಇದೇ ಕುಲದ ತೊಂದರೆ. ಆಸಿಡ್ ತಾಗಬೇಕೆಂದಿಲ್ಲ, ಹೊಗೆ ಸಾಕು. ಬೇಗ ತೊಳೆದರೆ ಉಳಿಯುತ್ತವೆ.

ಬಿಸಿನೀರಿನ ಟ್ಯಾಂಕ್ ಸೋರುವುದು

ಮಲೆನಾಡಿನವರು ಬಯಲುಸೀಮೆಯ ನೆಂಟರ ಮಾತು ಕೇಳಿ ಸ್ಟೀಲ್ ಆರಿಸಬಾರದು, ಅವರೂ ಇವರ ಮಾತು ಕೇಳಬಾರದು. ಮೂಡಿಗೆರೆ, ಸಕಲೇಶಪುರದ ಹಳ್ಳದ ನೀರು ಮೆದು. ಕಡೂರು, ಅರಸೀಕೆರೆ ಕಡೆಯ ಕೊಳವೆ ಬಾವಿಯ ನೀರು ಗಡಸು. ಅದರಲ್ಲಿ ಕ್ಲೋರೈಡ್ ಎಷ್ಟಿದೆ ಎಂದು ಪರೀಕ್ಷೆ ಮಾಡಿಸದೆ ಸ್ಟೀಲ್ ಕೊಳ್ಳುವುದು ಕಣ್ಣು ಕಟ್ಟಿಕೊಂಡು ನಡೆದಂತೆ. ತಣ್ಣೀರಿಗೆ ನಮ್ಮ ಕಸುಬಿನಲ್ಲಿ ಹಿಡಿಯುವ ಅಳತೆ ಹೀಗಿದೆ: ಲೀಟರಿಗೆ 200 ಮಿಲಿಗ್ರಾಂ ಕ್ಲೋರೈಡ್‌ವರೆಗೆ 304, 1000ದವರೆಗೆ ಮಾಲಿಬ್ಡಿನಂ ಲೋಹವೂ ಬೆರೆತ 316. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರಲ್ಲಿ ಕ್ಲೋರೈಡಿನ ಮಿತಿ 250, ಬೇರೆ ನೀರು ಇಲ್ಲದಿದ್ದಾಗ 1000. ಅಂದರೆ ಮನುಷ್ಯ ಕುಡಿಯಬಹುದಾದ ನೀರು 304ಕ್ಕೆ ಒಗ್ಗದಿರಬಹುದು.

ಬಿಸಿನೀರಿನಲ್ಲಿ ಈ ಅಳತೆಯೂ ನಡೆಯದು. ಕಡೂರಿನ ಒಂದು ಮನೆಯ ಸೋಲಾರ್ ಟ್ಯಾಂಕ್ ಸೋರುತ್ತಿತ್ತು. ತಗಡು ಎಲ್ಲೂ ಸವೆದಿರಲಿಲ್ಲ, ಹೊರಗೆ ತುಕ್ಕೂ ಹೆಚ್ಚಿರಲಿಲ್ಲ. ಬಿರುಕು ತೋರಿಸುವ ಕೆಂಪು ಬಣ್ಣ ಹಚ್ಚಿ, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿದಾಗ ಬೆಸುಗೆಯ ಬದಿಯಲ್ಲಿ ಒಣಗಿದ ಗಿಡದ ಕೊಂಬೆಗಳಂತೆ ಕವಲೊಡೆದ ಕೂದಲೆಳೆ ಬಿರುಕುಗಳು ಮೂಡಿದವು. ಕ್ಲೋರೈಡ್, ಬೆಸುಗೆ ಬಿಟ್ಟುಹೋದ ಎಳೆತ, ಸುಮಾರು 60 ಡಿಗ್ರಿ ಮೀರಿದ ಕಾವು: ಈ ಮೂರೂ ಒಂದೆಡೆ ಸೇರಿದರೆ 304 ಮತ್ತು 316 ಹೀಗೆ ಸೀಳುತ್ತವೆ. ಒಳಗೆ ಕಟ್ಟಿದ ಸುಣ್ಣದ ಹೊರೆಯ ಅಡಿಯಲ್ಲಿ ಕ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತದೆ. ಮನೆಯವರು ಮೊದಲೇ ಎರಡು ಸಲ ಬೆಸೆಸಿದ್ದರು. ಬೆಸೆದಷ್ಟೂ ಹೊಸ ಎಳೆತ, ಪಕ್ಕದಲ್ಲಿ ಹೊಸ ಬಿರುಕು. ಮೂರನೆಯ ಸಲ ಬೆಸೆಯಲು ನಾನು ಒಪ್ಪಲಿಲ್ಲ. ನಿಕಲ್ ಇಲ್ಲದ, ಸುಮಾರು ಶೇ. 18 ಕ್ರೋಮಿಯಂ, 2 ಮಾಲಿಬ್ಡಿನಂ ಇರುವ 444 ಈ ಬಗೆಯಲ್ಲಿ ಸೀಳುವುದಿಲ್ಲ. 22 ಕ್ರೋಮಿಯಂ, 5 ನಿಕಲ್, 3 ಮಾಲಿಬ್ಡಿನಂ ಇರುವ 2205 ಡ್ಯೂಪ್ಲೆಕ್ಸ್ ಇನ್ನೂ ಗಟ್ಟಿ, ಬೆಲೆಯೂ ಹೆಚ್ಚು. ಒಳಗೆ ಗಾಜಿನ ಲೇಪವಿರುವ ಟ್ಯಾಂಕ್ ಮೂರನೆಯ ದಾರಿ. ಅವರು ಅದನ್ನೇ ಕೊಂಡರು.

ಈಗ ಗ್ರೇಡಿನ ಅನುಮಾನ

ಮೇಲಿನ ಯಾವುದೂ ಹೊಂದದೆ, ಆ ವಸ್ತುವಿನ ಎಲ್ಲ ಕಡೆಯೂ, ಬೆಸುಗೆಯಿಂದ ದೂರದಲ್ಲೂ, ತೊಳೆದ ಕೆಲವೇ ದಿನಗಳಲ್ಲಿ ಮತ್ತೆ ಕಂದು ಎದ್ದರೆ ಆಗ ಗ್ರೇಡನ್ನು ಅನುಮಾನಿಸಿ.

ಜನ ಅಯಸ್ಕಾಂತ ಹಿಡಿಯುತ್ತಾರೆ: ಅಂಟಿದರೆ ನಕಲಿ, ಅಂಟದಿದ್ದರೆ ಅಸಲಿ ಎಂದು. ಇದರಷ್ಟು ದಾರಿ ತಪ್ಪಿಸುವ ನಂಬಿಕೆ ಈ ಕಸುಬಿನಲ್ಲಿ ಇನ್ನೊಂದಿಲ್ಲ. ಒಂದು ರೂಪಾಯಿಯ ನಾಣ್ಯ ಅಯಸ್ಕಾಂತಕ್ಕೆ ಅಂಟುತ್ತದೆ, ಅದು ಶೇ. 83 ಕಬ್ಬಿಣ, 17 ಕ್ರೋಮಿಯಂ ಇರುವ ಅಪ್ಪಟ ಸ್ಟೇನ್‌ಲೆಸ್ ಸ್ಟೀಲ್. ಎಷ್ಟೋ ಜನರ ಬೆವರುಗೈ ದಾಟಿಬಂದರೂ ಅದು ತುಕ್ಕಾಗುವುದು ಅಪರೂಪ. 430 ಎಂಬ ಗ್ರೇಡೂ ಅದೇ ಜಾತಿಯದು. ಅಪ್ಪಟ 304ರ ಸಿಂಕಿನ ಮೂಲೆಯೂ ಸ್ವಲ್ಪ ಅಂಟುತ್ತದೆ, ಏಕೆಂದರೆ ತಣ್ಣಗೆ ಎಳೆದು ಬಗ್ಗಿಸಿದಾಗ ಲೋಹದ ಒಳರಚನೆ ಅಲ್ಲಿ ಬದಲಾಗಿರುತ್ತದೆ. ಇನ್ನೊಂದು ಕಡೆ, ನಿಕಲ್ ಉಳಿಸಲು ಮ್ಯಾಂಗನೀಸ್ ಸೇರಿಸಿದ 200 ಸರಣಿಯ ಸ್ಟೀಲ್ ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. 304ರ ಹೆಸರಿನಲ್ಲಿ ಮಾರಾಟವಾಗುವುದು ಹೆಚ್ಚಾಗಿ ಅದೇ. ಹಾಗಾಗಿ ಯಾವ ಮೋಸವನ್ನು ಹಿಡಿಯಬೇಕೋ ಅದನ್ನೇ ಅಯಸ್ಕಾಂತ ಹಿಡಿಯದು.

ಅದಕ್ಕೆ ಹನಿ ಪರೀಕ್ಷೆಯ ದ್ರಾವಣ ಸಿಗುತ್ತದೆ. ಮೈ ಉಜ್ಜಿ ಒಂದು ಹನಿ ಇಟ್ಟು, 9 ವೋಲ್ಟಿನ ಬ್ಯಾಟರಿ ತಾಗಿಸಿದರೆ, ಮ್ಯಾಂಗನೀಸ್ ಹೆಚ್ಚಿರುವ ಸ್ಟೀಲಿನ ಮೇಲೆ ಹನಿ ಕೆಂಪಾಗುತ್ತದೆ. ಗ್ರೇಡ್ ಗೊತ್ತಿರುವ ಒಂದು ತುಂಡಿನ ಮೇಲೆ ಮೊದಲು ಮಾಡಿ, ಬಣ್ಣ ಹೋಲಿಸಿ ನೋಡಬೇಕು. ದೊಡ್ಡ ಮೊತ್ತದ ಕೆಲಸವಾದರೆ ಎಕ್ಸ್-ಕಿರಣದ ಕೈಯಂತ್ರದಿಂದ ಪರೀಕ್ಷಿಸಿ. ಕ್ರೋಮಿಯಂ, ನಿಕಲ್, ಮಾಲಿಬ್ಡಿನಂ ಎಷ್ಟೆಷ್ಟು ಎಂದು ಕೆಲವೇ ಸೆಕೆಂಡುಗಳಲ್ಲಿ ಹೇಳುತ್ತದೆ. ಇಂಗಾಲವನ್ನು ಮಾತ್ರ ಅದು ಕಾಣದು. ಆದ್ದರಿಂದ 304ಕ್ಕೂ 304ಎಲ್‌ಗೂ ಇರುವ ವ್ಯತ್ಯಾಸಕ್ಕೆ ಕಾರ್ಖಾನೆಯ ಪರೀಕ್ಷಾ ಪತ್ರವೇ ಬೇಕು.

ಪರೀಕ್ಷಾ ಪತ್ರ ಓದಿ ನೋಡಲು ಶೇಕಡಾ ಅಂಕಿಗಳು: 304ರಲ್ಲಿ ಕ್ರೋಮಿಯಂ ಸುಮಾರು 18, ನಿಕಲ್ 8, ಪಾತ್ರೆಗಳ ಮೇಲೆ 18/8 ಎಂದು ಒತ್ತುವುದು ಇದನ್ನೇ. 316ರಲ್ಲಿ 16ರಿಂದ 18 ಕ್ರೋಮಿಯಂ, 10ರಿಂದ 14 ನಿಕಲ್, 2ರಿಂದ 3 ಮಾಲಿಬ್ಡಿನಂ. 202ರಲ್ಲಿ 17ರಿಂದ 19 ಕ್ರೋಮಿಯಂ, ನಿಕಲ್ 4ರಿಂದ 6, ಮ್ಯಾಂಗನೀಸ್ 7.5ರಿಂದ 10. ಮನೆಯೊಳಗಿನ ಡಬ್ಬಿ, ಸ್ಟ್ಯಾಂಡ್‌ಗಳಿಗೆ 202 ಸಾಲುತ್ತದೆ, ಅದನ್ನು ಹೀಗಳೆಯಬೇಕಿಲ್ಲ. ಆರಿದ್ರಾ ಮಳೆಯಿಂದ ಶುರುವಾಗಿ ತಿಂಗಳುಗಟ್ಟಲೆ ಒದ್ದೆಯಾಗಿರುವ ನಮ್ಮ ಕಡೆಯ ಹೊರಾಂಗಣದ ಕಂಬಿಗಳಿಗೆ ಹಾಕಿದಾಗ ಅದು ಸೋಲುತ್ತದೆ. ಆಲ್ದೂರಿನ ಮನೆಯ ಮುಂದಿನ ಕಂಬಿಗಳ ಮೇಲೆ ಹನಿ ಕೆಂಪಾಯಿತು. ಆ ಒಂದು ವಿಷಯದಲ್ಲಿ ಮಾಲೀಕರ ಅನುಮಾನ ನಿಜವಾಗಿತ್ತು.

ಕಂಬಿಯ ಬೋಲ್ಟಿನಿಂದ ಮಾತ್ರ ಕಣ್ಣೀರಿನಂತೆ ಕಂದು ಗೆರೆ ಇಳಿದಿದ್ದರೆ ಬೋಲ್ಟ್ ಸ್ಟೀಲಿನದಲ್ಲ, ಅದನ್ನಷ್ಟೇ ಬದಲಿಸಿ. ಸ್ಟೀಲ್ ಬೋಲ್ಟಿಗೆ ಸ್ಟೀಲ್ ನಟ್ ಹಾಕುವಾಗ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್ (ಆ್ಯಂಟಿ-ಸೀಜ್, ಪಿಕ್ಲಿಂಗ್ ಪೇಸ್ಟ್ ಅಲ್ಲ) ಹಚ್ಚಿ ನಿಧಾನವಾಗಿ ಬಿಗಿಯಬೇಕು, ಇಲ್ಲದಿದ್ದರೆ ಒಂದಕ್ಕೊಂದು ಕಚ್ಚಿಕೊಂಡು ಮುರಿಯುವವರೆಗೂ ಬಿಡುವುದಿಲ್ಲ.

ಅಡುಗೆಮನೆಯ ಚಾಕು

ಪಾತ್ರೆಗಳೆಲ್ಲ ಚೆನ್ನಾಗಿದ್ದು ಚಾಕುವಿಗೆ ಮಾತ್ರ ತುಕ್ಕು ಬಂದರೆ ಅದು ಮೋಸವಲ್ಲ. ಅಲಗು ಹರಿತ ಹಿಡಿಯಲು ಗಡಸಾಗಬೇಕು, ಗಡಸಾಗಲು ಇಂಗಾಲ ಬೇಕು. 420ರಂಥ ಚಾಕುವಿನ ಸ್ಟೀಲಿನಲ್ಲಿ ಕ್ರೋಮಿಯಂ 12ರಿಂದ 14 ಮಾತ್ರ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಎರಕ ಹೊಯ್ದ ಸ್ಟೀಲೂ ಈ ಬಳಗದ್ದೇ. ಬಂದೂಕಿನ ನಳಿಗೆ ಸವೆಯದಂತೆ ಮಾಡಲು ಹೊರಟದ್ದು ಊಟದ ಚಾಕುವಾಗಿ ಬಳಕೆಗೆ ಬಂತು. ತೊಳೆದ ತಕ್ಷಣ ಒರೆಸಿಟ್ಟರೆ ಸಾಕು. ಪಾತ್ರೆಯ ತಳದಲ್ಲಿ ಸೂಜಿಗುಳಿ ಕಂಡರೆ ತಣ್ಣೀರಿಗೆ ಉಪ್ಪು ಸುರಿದು ಒಲೆಗಿಡುವ ಅಭ್ಯಾಸವಿದೆಯೇ ಕೇಳಿ. ಉಪ್ಪು ನೀರು ಕುದಿ ಬಂದ ಮೇಲೆ ಬೀಳಲಿ, ಆಗ ಅದು ತಳಕ್ಕೆ ಕೂರುವ ಮೊದಲೇ ಕರಗುತ್ತದೆ.

ಮುಂದಿನ ಸಲ ಕೆಲಸ ಕೊಡುವಾಗ

ಬಿಲ್ಲಿನಲ್ಲಿ ಬರಿಯ "ಎಸ್ಎಸ್" ಎಂದು ಬರೆಸಿಕೊಳ್ಳಬೇಡಿ. ಬೆಸೆಯುವ ತೊಟ್ಟಿಗೆ "304ಎಲ್ ತಗಡು, 308ಎಲ್ ಬೆಸುಗೆ ಕಡ್ಡಿ, ಬೆಸುಗೆಯ ಬಣ್ಣ ತೆಗೆದು ಕೊಡತಕ್ಕದ್ದು" ಎಂದಿರಲಿ. ತಗಡು 316ಎಲ್ ಆದರೆ ಕಡ್ಡಿಯೂ 316ಎಲ್. ಸ್ಟೀಲನ್ನು ಕಬ್ಬಿಣದ ಕಾಲಿಗೆ ಬೆಸೆಯುವಲ್ಲಿ 309ಎಲ್. ತೊಟ್ಟಿ ಬಂದಿಳಿಯುವ ಮೊದಲೇ ಚಾವಣಿಯ ಕಬ್ಬಿಣದ ಕೆಲಸ ಮುಗಿಸಿಕೊಳ್ಳಿ. ಆಗದಿದ್ದರೆ ತೊಟ್ಟಿಯನ್ನು ಒದ್ದೆ ಗೋಣಿತಾಟಿನಿಂದ ಅಂಚು ಬಿಡದೆ ಮುಚ್ಚಿ, ಕೆಲಸ ಮುಗಿದ ಸಂಜೆಯೇ ತೆಗೆದು ತೊಳೆಯಿರಿ. ಹಂಗಾಮು ಮುಗಿದ ಮೇಲೆ ತೊಟ್ಟಿಯಲ್ಲಿ ಹಣ್ಣಿನ ಸಿಪ್ಪೆ, ಲೋಳೆ ಒಣಗಲು ಬಿಡದೆ ತೊಳೆದು, ತಳದ ಬಿರಡೆ ತೆಗೆದು, ಮುಂದಿನ ಹಣ್ಣು ಬರುವವರೆಗೆ ಗಾಳಿಗೆ ತೆರೆದಿಡಿ.